ಅಪ್ಪನ ಮೇಲಿನ ಹಾಳೆ

ಸತ್ತವರನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಂಡ ಮನೆಗಳಿಗೆ ರಿಪೇರಿಗೆ ಹೋಗಿ ಹೋಗಿ ದಾಕ್ಷಾಯಿಣಿಗೆ ಬದುಕಿದ್ದವರ ಮೇಲೆ ಗೌರವವೇ ಉಳಿದಿರಲಿಲ್ಲ. ಹುಬ್ಬಳ್ಳಿಯ ಈ ಮನೆಯಲ್ಲಿ ಯಜಮಾನ ಚನ್ನವೀರಪ್ಪನ ತೀರಿಕೊಂಡ ತಂದೆ ಯಂತ್ರದೊಳಗೆ ತೊಂಬತ್ತೆಂಟು ಡಿಗ್ರಿಯಲ್ಲಿ ಕುದಿಯುತ್ತಿದ್ದರು. ನೂರು ದಾಟಿ ಸುಟ್ಟುಹೋದರೆ ಮತ್ತೆ ಎಬ್ಬಿಸುವಂತಿರಲಿಲ್ಲ.

“ಪ್ರೊಸೆಸರಿನ ವೇಗ ಯಾಕ ಏರಿಸೀರಿ?”

“ಅಪ್ಪಾರು ಬಯ್ಯೂದು ಲಗೂನ ಮುಗೀಲಿ ಅಂತ್ರಿ.”

ಎಂಥ ಪಿತೃಭಕ್ತಿ! ಅವಳು ಮುಟ್ಟಿ ನೋಡಿದಳು. ಪಂಪು ಓಡುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಆದರೂ ಯಂತ್ರವನ್ನು ತಂಪಾಗಿಡುವ ಕೊಳವೆಯ ನೀರು ತಣ್ಣಗೇ ಇತ್ತು. ಪ್ರೊಸೆಸರಿನ ಶಾಖ ಆ ನೀರಿಗೆ ತಲುಪುತ್ತಲೇ ಇರಲಿಲ್ಲ. ಯಂತ್ರ ನಿಲ್ಲಿಸಿ, ಪ್ರೊಸೆಸರಿನ ಮೇಲೆ ಕೂರಿಸಿದ್ದ, ಶಾಖ ಹೀರುವ ತಾಮ್ರದ ಬಿಲ್ಲೆ ಬಿಚ್ಚಿದಳು. ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಹಾಳೆ ಅದರ ಅಡಿಗೆ ಹಾಗೇ ಅಂಟಿಕೊಂಡಿತ್ತು.

“ಇದನ್ನ ಯಾಕ ಕಿತ್ತಿಲ್ಲ?”

“ಹೊಸಾದು ಹೊಸಾದ ಇರ್ಲಿ ಅಂತ ಬಿಟ್ಟೀನ್ರಿ.”

ಅವನ ಬೆನ್ನ ಹಿಂದೆ ಸೋಫಾ, ಫ್ರಿಜ್ಜು, ರಿಮೋಟು ಎಲ್ಲವೂ ಪ್ಲಾಸ್ಟಿಕ್ಕಿನೊಳಗೇ ಹೊಳೆಯುತ್ತಿದ್ದವು. ದಾಕ್ಷಾಯಿಣಿ ಹಾಳೆಯನ್ನು ಕಿತ್ತು ನೆಲಕ್ಕೆಸೆದು, ಶಾಖ ದಾಟಿಸುವ ಪೇಸ್ಟ್ ಹಚ್ಚಿ, ಬಿಲ್ಲೆ ಕೂರಿಸಿ, ವೇಗ ಇಳಿಸಿ, ಮತ್ತೆ ಚಾಲೂ ಮಾಡಿದಳು. ಐವತ್ತು ಡಿಗ್ರಿ. ಸ್ಪೀಕರಿನಲ್ಲಿ ಮುದುಕರು ನಿಧಾನವಾಗಿ ಕೆಮ್ಮಿದರು. ಅವರ ಕಣ್ಣಾಗಿದ್ದ ಕ್ಯಾಮೆರಾ ನೆಲದ ಕಡೆ ಹೊರಳಿತು.

“ಏ ತಂಗಿ, ಆ ಹಾಳಿ ಯಾಕ ಕಿತ್ತಿ? ನಾ ಇನ್ನೊಮ್ಮೆ ಸತ್ತರೂ ಚಿಂತಿಲ್ಲ, ಮೊದಲ ಅದನ್ನ ತಿರುಗಿ ಅಂಟಸು!”

ಚನ್ನವೀರಪ್ಪ ಆಗಲೇ ಬಗ್ಗಿ, ಹಾಳೆಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ.