ಸಂಕ್ರಾಂತಿಯ ಹತ್ತು ಗೀಟು

"ಹತ್ತು ವರ್ಷದ ಸೋಲಾರ್ ಪ್ಯಾನಲ್, ಇನ್ನೂ ನೂರಕ್ಕೆ ಎಂಬತ್ತೊಂದು ತೋರಿಸ್ತಿದೆ ಸಾಬ್ರೆ. ಎಂಬತ್ತಕ್ಕಿಂತ ಕೆಳಗಿಳಿದ್ರೆ ಮಾತ್ರ ಹೊಸದು ಕೊಡೋದು," ಎಂದು ಕಂಪನಿಯ ಅಚ್ಯುತ್ ಮೀಟರಿನ ವೈರು ಸುತ್ತಿದ.

"ನಡುಮಧ್ಯಾಹ್ನ ಅಳೆದ್ರೆ ಇನ್ನೇನು ತೋರ್ಸತ್ತಪ್ಪ? ಎಂಟಕ್ಕೇ ತಿರುಗ್ತಿದ್ದ ರೇಷ್ಮೆ ಮಿಷಿನ್ ಈಗ ಹತ್ತಾದ್ರೂ ಏಳಲ್ಲ!" ಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್ ದಸ್ತಗಿರ್ ಸಾಬರಿಗೆ ಮೈಯೆಲ್ಲ ಉರಿಯಿತು.

"ಅದಕ್ಕೆ ದಾಖಲೆ ಇದ್ಯಾ?"

ಇತ್ತು. ಪ್ರತಿ ಸಂಕ್ರಾಂತಿಯ ಬೆಳಿಗ್ಗೆ ಮಿಷಿನ್ ತಿರುಗಿದ ಕ್ಷಣ ಬಾಗಿಲ ನೆರಳು ಗೋಡೆಯಲ್ಲಿ ಎಲ್ಲಿರುತ್ತಿತ್ತೋ ಅಲ್ಲಿ ಅವರು ಮಸಿಯಲ್ಲಿ ಗೀಟು ಎಳೆಯುತ್ತಿದ್ದರು. ಮಿಷಿನ್ ತಡವಾದಷ್ಟೂ ಬಿಸಿಲೇರಿ ನೆರಳು ಕೆಳಗಿಳಿದಿರುತ್ತಿತ್ತು; ಹತ್ತು ಗೀಟು, ಒಂದಕ್ಕಿಂತ ಒಂದು ಕೆಳಗೆ. ಅಚ್ಯುತನ ಕೈ ಹಿಡಿದು ಒಳಗೆ ಎಳೆದೊಯ್ದರು.

ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಹೆಂಡತಿ ಅಜೀಜಾ ಸುಣ್ಣದ ಕುಂಚ ಹಿಡಿದು ನಿಂತಿದ್ದಳು.

"ಕಂಪನಿಯೋರು ಬರ್ತಾರಂತ ನೀವೇ ಹೇಳಿದ್ರಲ್ಲ. ಆ ಮಸಿ ಗೀಟು ನೋಡಿದ್ರೆ ಏನಂದ್ಕೊಳ್ಳಲ್ಲ?"