ಹೋಳಿಲ್ಲದ ವೃತ್ತ

ಲ್ಯಾಬ್ ಟೆಕ್ನೀಷಿಯನ್ ತನ್ನ ನೋಟ್‌ಬುಕ್ಕನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದ. ಪುಟದ ತುಂಬ ಒಂದೇ ವೃತ್ತ, ಒಳಗೆ ಒಂದು ಗೆರೆಯೂ ಇಲ್ಲ. ವಿಡಿಯೋ ಕಾಲ್‌ನ ಆ ಕಡೆಯಿದ್ದ ಟ್ಯೂಷನ್ ಮೇಡಂಗೆ ರೇಗಿತು. ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಮೂರೇ ದಿನ. ಈ ಮಹಾಶಯನಿಗೆ ಇನ್ನೂ ಪೈ ಚಾರ್ಟ್ ಬಾರದು!

“ಈ ತಿಂಗಳು ನಿಮಗೆ ಯಾರ್ಯಾರ ಫೋನ್ ಎಷ್ಟೆಷ್ಟು ಬಂತು ಅಂತ ಚಾರ್ಟ್ ಮಾಡಿ ಅಂದಿದ್ದೆ. ಹೋಳುಗಳೆಲ್ಲಿ ಹೋದ್ವು?” ಎಂದು ಗದರಿದರು.

“ಎಲ್ಲಾ ಹಾಕಿದೀನಿ ಮೇಡಂ.” ಅವನು ವೃತ್ತದ ನಡುವೆ ಬೆರಳಿಟ್ಟ. ಅಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ಟ್ಯೂಷನ್ ಮೇಡಂ, ನೂರಕ್ಕೆ ನೂರು. “ಹನ್ನೆರಡು ಸಲ ಮಾಡಿದ್ರಿ, ಹನ್ನೆರಡೂ ಪಾಠಕ್ಕೆ. ಲೆಕ್ಕ ತಪ್ಪಾಯ್ತಾ?”

ಮೇಡಂ ಆ ವೃತ್ತದಲ್ಲಿ ತಪ್ಪು ಹುಡುಕಿದರು. ಇರಲಿಲ್ಲ. ಇವತ್ತಿಗೆ ಪಾಠ ಮುಗಿಯಿತು ಎನ್ನಬೇಕೆಂದಿದ್ದವರು, “ಸರಿಯಾಗಿದೆ. ನಾಳೇನೂ ಫೋನ್ ಮಾಡ್ತೀನಿ, ಪಾಠಕ್ಕಲ್ಲ,” ಎಂದರು.