ಒಗೆಯದ್ದು ಒಂದಾದರೂ

"ಬಟ್ಟೆ ಒಗೆದಿಲ್ಲ ತಾನೆ?" ಎನ್ನುತ್ತಲೇ ಗಂಡ ಒಳಗೆ ಬಂದ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಎದೆಗೆ ಒತ್ತಿ ಹಿಡಿದಿದ್ದ ರಟ್ಟಿನ ಡಬ್ಬಿಯೊಳಗೆ ಸಣ್ಣಪ್ಪ ಮುದುಡಿಕೊಂಡು ಕೂತಿದ್ದ. ಬಚ್ಚಲುಮನೆಯಲ್ಲಿ ವಾಷಿಂಗ್ ಮಷೀನು ಗುರ್ ಎನ್ನುತ್ತಿತ್ತು.

ಸಣ್ಣಪ್ಪ ಎಂದರೆ ಗಿನಿಪಿಗ್. ಕಪ್ಪು ಮೈಯ, ಬಾಲವಿಲ್ಲದ, ಎರಡು ಅಂಗೈಯಲ್ಲಿ ಹಿಡಿಸುವ ಪ್ರಾಣಿ. ಅವನ ಜೊತೆಗಾರ ಡುಮ್ಮಣ್ಣ ನಿನ್ನೆ ಬೆಳಿಗ್ಗೆ ವಯಸ್ಸಾಗಿ ಸತ್ತಿದ್ದ. ಇಬ್ಬರನ್ನೂ ಮನೆಗೆ ತಂದು, ಹೆಸರಿಟ್ಟು, ತಾನೇ ಬಿದ್ದು ಬಿದ್ದು ನಕ್ಕಿದ್ದ ಮಗ ಹೋಗಿ ಒಂದೂವರೆ ವರ್ಷವಾಗಿತ್ತು. ನಿನ್ನೆ ಡುಮ್ಮಣ್ಣನನ್ನು ಹೂತು ಬಂದ ಕೂಡಲೇ ಹೆಂಡತಿ ಗೂಡಿನ ಬಟ್ಟೆಯನ್ನೆಲ್ಲ ಎತ್ತಿ, ಹಳೇ ಪೇಪರು ಹಾಸಿದ್ದಳು. ಆಗಿನಿಂದ ಸಣ್ಣಪ್ಪ ಒಂದೆಳೆ ಹುಲ್ಲನ್ನೂ ಮುಟ್ಟಿರಲಿಲ್ಲ. ಫ್ರಿಜ್ಜಿನ ಬಾಗಿಲು ಸದ್ದಾದರೆ ಮನೆ ಹಾರಿಹೋಗುವಂತೆ ಕೀರಲಿಡುತ್ತಿದ್ದವನು, ಸೌತೆಕಾಯಿಯನ್ನು ಮೂಗಿಗೇ ಹಿಡಿದರೂ ಅತ್ತ ತಿರುಗಲಿಲ್ಲ.

"ಡಾಕ್ಟರಮ್ಮ ಏನಂದ್ರು?"

"ಕಾಯಿಲೆ ಏನೂ ಇಲ್ವಂತೆ. ಜೊತೆಗಿದ್ದವನನ್ನ ಹುಡುಕ್ತಿದೆ ಅಂದ್ರು. ಅವನು ಮಲಗ್ತಿದ್ದ ಬಟ್ಟೆ ಒಗೀದೆ ಹಾಗೇ ಹಾಸಿ, ಆ ವಾಸನೆಗೆ ಧೈರ್ಯ ಬಂದು ಬಾಯಿ ಹಾಕಿದ್ರೂ ಹಾಕ್ಬಹುದು ಅಂದ್ರು. ಇವತ್ತು ತಿನ್ನದಿದ್ರೆ ಕಷ್ಟವಂತೆ. ಇವಕ್ಕೆ ಹೊಟ್ಟೆ ಖಾಲಿ ಬಿದ್ರೆ ಕರುಳೇ ನಿಂತುಹೋಗುತ್ತಂತೆ."

ಅವಳು ಮಷೀನಿನ ಕಡೆ ನೋಡಿದಳು. ಗಂಡ ಡಬ್ಬಿಯನ್ನು ಕೆಳಗಿಟ್ಟು ಓಡಿಹೋಗಿ ಪ್ಲಗ್ಗನ್ನೇ ಕಿತ್ತ. ಡ್ರಮ್ಮು ಮನಸ್ಸಿಲ್ಲದೆ ಎರಡು ಸುತ್ತು ತಿರುಗಿ ನಿಂತಿತು. ಗಾಜಿನ ಹಿಂದೆ ಮೆತ್ತನೆಯ ನೀಲಿ ಫ್ಲೀಸ್ ಬಟ್ಟೆಗಳು ನೀರು ಕುಡಿದು ಬಿದ್ದಿದ್ದವು.

"ಮೂರು ನೀರಾಯ್ತು," ಎಂದಳು.

"ಎಲ್ಲಾನೂ ಹಾಕಿದ್ಯಾ?"

"ಎಲ್ಲಾನೂ."

"ಗೂಡಿನ ತಟ್ಟೆ?"

"ವಿನಿಗರ್ ಹಾಕಿ ತಿಕ್ಕಿದೆ."

"ಅವು ಒಳಗೆ ಸೇರ್ಕೋತಿದ್ದ ಮರದ ಮನೆ?"

"ಬಿಸಿನೀರಲ್ಲಿ ನೆನೆಹಾಕಿದೀನಿ."

"ಬಟ್ಟೆಯಿಂದ ಕೊಡವಿದ ಕೂದಲು, ಹುಲ್ಲು? ಅದಾದ್ರೂ ಇದ್ಯಾ?"

"ಕಸದ ಗಾಡಿ ಬಂದು ಹೋಯ್ತು ರೀ."

ಅವಳ ಕೆಲಸಕ್ಕೆ ಹೆಸರಿಡುವ ಹಾಗೇ ಇರಲಿಲ್ಲ. ಎಲ್ಲ ಮಗ ಕಲಿಸಿದ ಕ್ರಮ. ಮೊದಲು ಹಿಕ್ಕೆ, ಹುಲ್ಲು ಹೊರಗೆ ಕೊಡವಬೇಕು, ಆಮೇಲೆ ಜಾಲರಿ ಚೀಲಕ್ಕೆ ತುಂಬಿ ಬಿಸಿನೀರಿಗೆ ಹಾಕಬೇಕು. ಬಟ್ಟೆ ಘಮಘಮಿಸಲೆಂದು ಹಾಕುವ ದ್ರಾವಣ ಮಾತ್ರ ಒಂದು ಹನಿಯೂ ಸೋಕಬಾರದು. ಸೋಕಿದರೆ ಉಚ್ಚೆ ಬಟ್ಟೆಯೊಳಗೆ ಇಂಗದೆ ಮೇಲೆಯೇ ನಿಲ್ಲುತ್ತದೆ, ಪಾಪ, ಅವುಗಳ ಪಾದ ಹುಣ್ಣಾಗುತ್ತದೆ. ಹನ್ನೊಂದು ವರ್ಷದ ಮೇಷ್ಟ್ರು ಸೊಂಟದ ಮೇಲೆ ಕೈಯಿಟ್ಟು ಹೇಳಿಕೊಟ್ಟ ಪಾಠ ಅದು. ಅವಳು ಒಂದು ವಾರವೂ ತಪ್ಪಿಸಿರಲಿಲ್ಲ.

"ಅವನು ಸತ್ತು ಮಲಗಿದ್ದ ಬಟ್ಟೆ ಅಲ್ವೇನ್ರೀ," ಎಂದಳು. "ಇವನಿಗೂ ಏನಾದ್ರೂ ಅಂಟಿಕೊಂಡ್ರೆ? ಇವನೊಬ್ಬನಾದ್ರೂ ಉಳೀಲಿ ಅಂತ ಒಗೆದೆ."

ಒಂದೂವರೆ ವರ್ಷ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಮಾತು ಗಂಡನ ಬಾಯಿಗೆ ಬಂದೇಬಿಟ್ಟಿತು.

"ಅವತ್ತೂ ಹೀಗೇ ಮಾಡಿದೆ. ಆಸ್ಪತ್ರೆಯಿಂದ ಬರಿಗೈಲಿ ಬಂದ ಮಾರನೇ ದಿನ. ಅವನ ದಿಂಬಿನ ಕವರು, ಸ್ವೆಟರು, ಸ್ಕೂಲ್ ಶರ್ಟು, ಕೊನೆಗೆ ಸಾಕ್ಸೂ ಬಿಡ್ಲಿಲ್ಲ. ನಾನು ಎದ್ದು ಬರೋ ಹೊತ್ತಿಗೆ ಎಲ್ಲ ತಂತಿ ಮೇಲಿತ್ತು. ಒಗೆಯದ್ದು ಒಂದಾದ್ರೂ ಉಳಿಸಬಾರ್ದಿತ್ತಾ?"

ಅವಳು ತನ್ನ ಕೈಗಳನ್ನೇ ನೋಡಿಕೊಂಡಳು. ಸೋಪಿನ ನೀರಿಗೆ ಬೆರಳ ತುದಿ ಸುಕ್ಕುಗಟ್ಟಿತ್ತು.

"ಕೈಗೆ ಕೆಲಸ ಇಲ್ದಿದ್ರೆ ಅವತ್ತು ನನಗೆ ಹುಚ್ಚು ಹಿಡೀತಿತ್ತು. ನೀವು ಅವತ್ತೇ ಯಾಕೆ ಕೇಳಲಿಲ್ಲ?"

ಅವಳು ಮಷೀನಿನ ಮುಂದೆ ಮಂಡಿಯೂರಿ, ಕೆಳಗಿನ ಪುಟ್ಟ ಮುಚ್ಚಳ ತೆಗೆದು, ಫಿಲ್ಟರನ್ನು ತಿರುಗಿಸಿ ಎಳೆದಳು. ಬೂದು ಬಣ್ಣದ ನೀರು ದಬದಬ ಸುರಿದು ಅವಳ ಮಡಿಲೆಲ್ಲ ನೆನೆಯಿತು. ಫಿಲ್ಟರಿಗೆ ಕಂದು ಕೂದಲಿನದೊಂದು ಉಂಡೆ ಸಿಕ್ಕಿಕೊಂಡಿತ್ತು. ಡುಮ್ಮಣ್ಣನ ಬಣ್ಣ. ಅದನ್ನು ಹಿಂಡಿ, ಅಂಗೈಯಲ್ಲಿಟ್ಟುಕೊಂಡು ಡಬ್ಬಿಯೊಳಗೆ ಚಾಚಿದಳು.

ಸಣ್ಣಪ್ಪ ತಲೆಯೆತ್ತಿದ. ಮೂಗು ಅದುರಿತು. ಒಂದು ಹೆಜ್ಜೆ ಮುಂದೆಯೂ ಬಂದ. ಎರಡು ಸಲ ಮೂಸಿ, ಸಣ್ಣಪ್ಪ ಹಿಂದಕ್ಕೆ ಸರಿದು ರಟ್ಟಿನ ಮೂಲೆಗೆ ಹಣೆಯಿಟ್ಟು ಕೂತುಬಿಟ್ಟ.

ಗಂಡ ಉಂಡೆಯನ್ನು ತೆಗೆದುಕೊಂಡು ತಾನೂ ಮೂಸಿದ.

"ಬರೀ ಸೋಪು," ಎಂದ.

ಅವಳು ಮತ್ತೆ ಮಷೀನಿನ ಹತ್ತಿರ ಹೋಗಿ ಒದ್ದೆ ನೆಲದ ಮೇಲೆ ಪಕ್ಕಕ್ಕೆ ಮಲಗಿದಳು. ಫಿಲ್ಟರು ತೆಗೆದ ತೂತಿನೊಳಗೆ ಬೆರಳು ತೂರಿಸಿ ತಡಕಾಡತೊಡಗಿದಳು.

"ಇನ್ನೇನು ಹುಡುಕ್ತಿದ್ದೀಯ? ಇದ್ದ ಕೂದಲೆಲ್ಲ ಬಂತಲ್ಲ."

"ಅವತ್ತು ಅವನದೆಲ್ಲ ಒಗೆದಿದ್ದು ಇದೇ ಮಷೀನಲ್ಲಿ ಅಲ್ವೇನ್ರೀ?"

ಪ್ರತಿ ಭಾನುವಾರ ಹಳೇ ಟೂತ್‌ಬ್ರಷ್ ಹಿಡಿದು ಆ ಫಿಲ್ಟರನ್ನೂ ಅದರ ತೂತನ್ನೂ ತಿಕ್ಕಿ ತೊಳೆಯುವವಳು ನೀನೇ ಎಂದು ಗಂಡ ಹೇಳಲಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಮೊಬೈಲಿನ ಟಾರ್ಚು ಹಾಕಿ ಅವಳಿಗೆ ಬೆಳಕು ಹಿಡಿದ.

ಒಳಗೆಲ್ಲ ಫಳಫಳ ಹೊಳೆಯುತ್ತಿತ್ತು.